ಚೀನಾದ ನಾಡಿ, ಪರದೇಶದ ನುಡಿ

ನಮ್ಮ ಕಡೆ ಕಣ್ಣು ಕೆಂಪಾಗಿ, ಪಿಸುರು ಕಟ್ಟಿ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡರೆ ‘ಕಣ್ಣು ಬಂದಿದೆ’ ಅನ್ನುತ್ತೇವೆ. ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ‘ಅಮ್ಮ ಬಂದಿದ್ದಾಳೆ’ ಅನ್ನುವವರು ಈಗಲೂ ಇದ್ದಾರೆ. ಈ ಎರಡು ಮಾತನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ ಕೇಳಿದವನು ಕಂಗಾಲಾಗುತ್ತಾನೆ. ಯಾರ ಕಣ್ಣು? ಎಲ್ಲಿಂದ ಬಂತು? ಅದರ ಬದಲು ‘ಕಂಜಂಕ್ಟಿವೈಟಿಸ್’ ಎಂದುಬಿಟ್ಟರೆ ಅವನಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಬೇನೆ ಬರುವ ಅತಿಥಿ, ನಾಲ್ಕು ದಿನ ಇದ್ದು ಹೋಗುತ್ತದೆ, ಅಲ್ಲಿಯವರೆಗೆ ಮನೆಯಲ್ಲಿ ಇಂತಿಂಥ ಪಥ್ಯ ನಡೆಯಬೇಕು ಎಂಬ ನಮ್ಮ ಜನರ ತಿಳಿವಳಿಕೆ ಆ ಪದದ ಹೊರಗೇ ಉಳಿಯುತ್ತದೆ.

ಚೀನೀ ವೈದ್ಯದಲ್ಲಿ ಇಂಥ ಕಣ್ಣುಬೇನೆಗೆ ‘ಫೆಂಗ್ ಹುವೊ ಯಾನ್’ ಎಂಬ ಹೆಸರಿದೆ. ಪದಶಃ ಹೇಳಿದರೆ ‘ಗಾಳಿ-ಬೆಂಕಿ-ಕಣ್ಣು’. ಈ ಮೂರು ಪದಗಳ ಸುತ್ತ ಇಂಗ್ಲಿಷ್ ಅನುವಾದಕರ ನಡುವೆ ವರ್ಷಗಟ್ಟಲೆ ವಾದ ನಡೆದಿದೆ. ಪಾಶ್ಚಾತ್ಯ ವೈದ್ಯರಿಗೆ ತಿಳಿಯುವಂತೆ ‘ತೀವ್ರ ಕಂಜಂಕ್ಟಿವೈಟಿಸ್’ ಎಂದು ಬರೆಯಬೇಕು ಎಂಬುದು ಬೀಜಿಂಗ್‌ನ ವೈದ್ಯ ಷಿಯೆ ಚುಫಾನ್ ಅವರ ಕಡೆಯ ವಾದ. 1998ರಲ್ಲಿ ಚೀನೀ ವೈದ್ಯದ ದೊಡ್ಡ ಇಂಗ್ಲಿಷ್ ನಿಘಂಟನ್ನು ಫೆಂಗ್ ಯೆ ಅವರೊಡನೆ ತಂದ ನೈಜೆಲ್ ವೈಸ್‌ಮನ್ ಅವರದು ಇದಕ್ಕೆ ತದ್ವಿರುದ್ಧ. ಗಾಳಿ ಎಂದರೆ ಬೇನೆ ಥಟ್ಟನೆ ಬಂದದ್ದು, ಬೆಂಕಿ ಎಂದರೆ ಕೆಂಪು ಮತ್ತು ಉರಿ. ಗಾಳಿಯನ್ನು ಓಡಿಸುವ, ಬೆಂಕಿಯನ್ನು ತಣಿಸುವ ಔಷಧವನ್ನೇ ಚೀನೀ ವೈದ್ಯ ಆರಿಸುತ್ತಾನೆ. ಹೆಸರನ್ನು ಅಳಿಸಿದರೆ ಅವನು ಆ ಔಷಧ ಯಾಕೆ ಕೊಟ್ಟ ಎಂಬ ಕಾರಣವೂ ಅಳಿಸಿಹೋಗುತ್ತದೆ ಎಂದರು ವೈಸ್‌ಮನ್.

ಕನ್ನಡದವರಾದ ನಾವು ಈ ಜಗಳವನ್ನು ಸ್ವಲ್ಪ ಬೇರೆ ಜಾಗದಲ್ಲಿ ನಿಂತು ನೋಡಬಹುದು. ‘ಬೆಂಕಿ’ ಎಂದರೆ ನಮ್ಮ ಅಜ್ಜಿಯಂದಿರಿಗೆ ಗೊತ್ತು. ‘ಉಷ್ಣ ಹೆಚ್ಚಾಗಿದೆ, ತಲೆಗೆ ಹರಳೆಣ್ಣೆ ಹಚ್ಚು’ ಅನ್ನುತ್ತಾರೆ. ಆದರೆ ‘ಗಾಳಿ’ ಎಂದ ಕೂಡಲೇ ನಮ್ಮ ಹಳ್ಳಿಗಳಲ್ಲಿ ‘ಗಾಳಿ ಸೋಕಿದೆ’ ಎಂಬ ಮಾತು ನೆನಪಾಗಿ, ತಾಯತ ಕಟ್ಟುವವರ ಮನೆಯ ದಾರಿ ಹಿಡಿಯುತ್ತೇವೆ. ಅಂದರೆ ಒಂದೇ ಹೆಸರಿನ ಅರ್ಧ ನಮಗೆ ಸರಿಯಾಗಿ ತಿಳಿಯಿತು, ಇನ್ನರ್ಧ ತಪ್ಪಾಗಿ ತಿಳಿಯಿತು. ತಪ್ಪಾದದ್ದು ನಮಗೆ ತಪ್ಪೆಂದು ತೋರುವುದೂ ಇಲ್ಲ. ಅರ್ಥವಾಗದ ಪದ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಅರ್ಥವಾದಂತೆ ತೋರುವ ಪದ ಕೈಹಿಡಿದು ದಾರಿ ತಪ್ಪಿಸುತ್ತದೆ. ಚೀನೀ ವೈದ್ಯವನ್ನು ಪಡುವಣ ಜಗತ್ತಿಗೆ ಹೇಳಲು ಹೊರಟವರ ಏಳುನೂರು ವರ್ಷಗಳ ಕಥೆಯಲ್ಲಿ ನಮಗೆ ಕಾಣುವುದು ಇದೇ.

ತಬ್ರೀಜಿನ ಹಕೀಮ

ಈ ಕಥೆಯನ್ನು ಬಹಳ ಜನ ಯೂರೋಪಿನಿಂದ ಶುರುಮಾಡುತ್ತಾರೆ. ಅದಕ್ಕಿಂತ ಮುನ್ನೂರೈವತ್ತು ವರ್ಷ ಮೊದಲೇ ಇರಾನಿನ ತಬ್ರೀಜ್ ನಗರದಲ್ಲಿ ಈ ಕೆಲಸ ನಡೆದಿತ್ತು. ಮಂಗೋಲರು ಆಗ ಚೀನಾವನ್ನೂ ಆಳುತ್ತಿದ್ದರು, ಇರಾನನ್ನೂ ಆಳುತ್ತಿದ್ದರು. ಇರಾನಿನ ಇಲ್‌ಖಾನರ ಆಸ್ಥಾನದಲ್ಲಿ ವಜೀರನಾಗಿದ್ದವನು ರಶೀದುದ್ದೀನ್ ಫಜ್ಲುಲ್ಲಾ ಹಮದಾನಿ. ಹುಟ್ಟಿದ್ದು 1247ರ ಸುಮಾರಿಗೆ, ಯಹೂದಿ ವೈದ್ಯರ ಮನೆತನದಲ್ಲಿ. ಮುಂದೆ ಇಸ್ಲಾಮ್ ಸ್ವೀಕರಿಸಿದ. ‘ಜಾಮಿಉತ್ತವಾರೀಖ್’ ಎಂಬ ಲೋಕಚರಿತ್ರೆಯನ್ನು ಬರೆದವನೆಂದು ಇತಿಹಾಸಕಾರರು ಅವನನ್ನು ನೆನೆಯುತ್ತಾರೆ. ಅವನು ಮೂಲತಃ ಹಕೀಮನಾಗಿದ್ದ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ತಬ್ರೀಜಿನ ಹೊರವಲಯದಲ್ಲಿ ಅವನು ‘ರಬೆ ರಶೀದಿ’ ಎಂಬ ವಿದ್ಯಾಕೇಂದ್ರ ಕಟ್ಟಿಸಿದ. ಆಸ್ಪತ್ರೆ, ಪುಸ್ತಕ ಭಂಡಾರ, ಪ್ರತಿ ಮಾಡುವವರ ವಠಾರ ಎಲ್ಲವೂ ಅಲ್ಲಿದ್ದವು. ಅದರ ವಕ್ಫ್ ಪತ್ರ ಇಂದಿಗೂ ಉಳಿದಿದೆ. ಅಲ್ಲಿ ಅವನು ಸಿದ್ಧಪಡಿಸಿದ ಒಂದು ಗ್ರಂಥದ ಹೆಸರು ‘ತನ್ಸೂಖ್‌ನಾಮಾ’. ತನ್ಸೂಖ್ ಎಂದರೆ ಅಪರೂಪದ ವಸ್ತು, ಕಾಣಿಕೆಯಾಗಿ ಕೊಡುವಂಥದ್ದು. ಚೀನೀಯರ ನಾಡಿಶಾಸ್ತ್ರವನ್ನು ಪದ್ಯರೂಪದಲ್ಲಿ ಹೇಳುವ ‘ಮಾಯ್ ಜುಯೆ’ ಎಂಬ ಕೃತಿಯ ಪಾರಸಿ ಅನುವಾದ ಅದರಲ್ಲಿದೆ. ಇದರ ಹಸ್ತಪ್ರತಿಯ ಕಾಲ 1313.

ಆ ಪುಸ್ತಕ ಓದುವ ಪಾರಸಿ ಹಕೀಮನಿಗೆ ನಾಡಿ ಹೊಸದಾಗಿರಲಿಲ್ಲ. ಗಾಲೆನ್ ಮತ್ತು ಇಬ್ನ್ ಸೀನಾರ ದಾರಿಯಲ್ಲಿ ಕಲಿತ ಅವನಿಗೆ ನಬ್ಜ್ ಹಿಡಿದು ಜಿಂಕೆಯ ನೆಗೆತದ ನಾಡಿ, ಇರುವೆ ಹರಿಯುವ ನಾಡಿ, ಇಲಿಬಾಲದ ನಾಡಿ ಎಂದು ಗುರುತಿಸುವುದು ಗೊತ್ತಿತ್ತು. ನಮ್ಮ ನಾಡಿನ ವೈದ್ಯರು ಹಾವಿನ ನಡೆ, ಕಪ್ಪೆಯ ನೆಗೆತ, ಹಂಸದ ನಡೆ ಎಂದು ಹೇಳುವಂತೆಯೇ. ಚೀನೀಯರ ನಾಡಿಯೂ ಹೊರಗಿನಿಂದ ಹಾಗೇ ಕಾಣುತ್ತದೆ: ನೀರ ಮೇಲೆ ತೇಲುವ ಕಟ್ಟಿಗೆಯಂತೆ, ಬಿಗಿದ ಬಿಲ್ಲಿನ ಹೆದೆಯಂತೆ, ತಟ್ಟೆಯಲ್ಲಿ ಉರುಳುವ ಮುತ್ತಿನಂತೆ. ಮೂರನೇ ಶತಮಾನದ ವೈದ್ಯ ವಾಂಗ್ ಷುಹೆ ತನ್ನ ‘ಮಾಯ್ ಜಿಂಗ್’ನಲ್ಲಿ ಇಂಥ 24 ಬಗೆಯ ನಾಡಿಗಳನ್ನು ಹೇಳುತ್ತಾನೆ. ಆದರೆ ಒಳಗಿನ ಲೆಕ್ಕವೇ ಬೇರೆ. ಚೀನೀ ವೈದ್ಯ ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಜಾಗ ಗುರುತಿಸಿ, ಒಂದೊಂದು ಜಾಗದಲ್ಲಿ ಒಂದೊಂದು ಅಂಗದ ಸ್ಥಿತಿಯನ್ನು ಓದುತ್ತಾನೆ. ಇಬ್ನ್ ಸೀನಾರನ್ನು ಓದಿದವನಿಗೆ ಇಂಥ ನಕ್ಷೆ ಇರಲಿಲ್ಲ.

ಇಲ್ಲಿ ರಶೀದುದ್ದೀನ್ ಸುಲಭದ ದಾರಿ ಹಿಡಿಯಬಹುದಿತ್ತು. ‘ಇದೂ ನಬ್ಜೇ, ನಮ್ಮಲ್ಲೂ ಇದೆ’ ಎಂದು ಯೂನಾನಿ ಪದಗಳನ್ನು ತುಂಬಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅವನ ಕೈಕೆಳಗಿನವರು ಚೀನೀ ಪದ್ಯದ ಉಚ್ಚಾರವನ್ನೇ ಪಾರಸಿ ಅಕ್ಷರಗಳಲ್ಲಿ ಬರೆದು, ಆಮೇಲೆ ಅರ್ಥ ಕೊಟ್ಟು, ಅದರ ಮೇಲೆ ವಿವರಣೆ ಬರೆದರು. ಚೀನೀ ಚಿತ್ರಗಳನ್ನೂ ನಕಲು ಮಾಡಿ ಸೇರಿಸಿದರು. ಓದುವವನು ಮೊದಲು ಅಪರಿಚಿತ ಸದ್ದಿನ ಮುಂದೆ ನಿಲ್ಲಬೇಕು, ಆಮೇಲೆ ಮುಂದಕ್ಕೆ ಹೋಗಬೇಕು.

1318ರಲ್ಲಿ ಆಸ್ಥಾನದ ಪಿತೂರಿಯಲ್ಲಿ ರಶೀದುದ್ದೀನನ ತಲೆದಂಡವಾಯಿತು. ಸುಲ್ತಾನನಿಗೆ ವಿಷವಿಟ್ಟನೆಂಬ ಆರೋಪ ಹೊರಿಸಿದ್ದರು. ರಬೆ ರಶೀದಿಯನ್ನು ಲೂಟಿ ಮಾಡಲಾಯಿತು. ಅವನು ಹಾಕಿದ ದಾರಿಯಲ್ಲಿ ಮುಂದೆ ನಡೆದವರು ಕಾಣುವುದಿಲ್ಲ.

ಹೆಸರಿಲ್ಲದ ಪಾದ್ರಿ, ಗಡಿಯಾರದ ವೈದ್ಯ

ಯೂರೋಪಿಗೆ ಈ ವಿದ್ಯೆ ತಲುಪಿದ ದಾರಿಯಲ್ಲಿ ನಮ್ಮ ದಖ್ಖನ್ನಿನ ಮಣ್ಣೂ ಸ್ವಲ್ಪ ಸೇರಿದೆ. ಪೋಲೆಂಡಿನ ಜೆಸುಯಿಟ್ ಪಾದ್ರಿ ಮಿಖಾಯಿಲ್ ಬೋಯ್ಮ್ ಚೀನಾದ ಕೊನೆಯ ಮಿಂಗ್ ಅರಸನ ದೂತನಾಗಿ ರೋಮಿಗೆ ಹೊರಟವನು 1651ರಲ್ಲಿ ಗೋವೆಗೆ ಬಂದ. ಪೋರ್ಚುಗೀಸರು ಅವನನ್ನು ಅಲ್ಲಿ ತಡೆದಿಟ್ಟರು. ಅವನು ತಪ್ಪಿಸಿಕೊಂಡು ನಡೆದೇ ಗೋಲ್ಕೊಂಡದ ಕಡೆಗೆ ಹೋದ. ಈ ಎರಡರ ನಡುವೆ ಆಗ ಹರಡಿದ್ದದ್ದು ಬಿಜಾಪುರದ ಆದಿಲಶಾಹಿಗಳ ನಾಡು. ಮುಂದೆ ಸೂರತ್, ಇಸ್ಫಹಾನ್, ಇಜ್ಮಿರ್ ದಾಟಿ 1652ರ ಕೊನೆಗೆ ವೆನಿಸ್ ಸೇರಿದ. ಚೀನೀ ನಾಡಿಶಾಸ್ತ್ರವನ್ನು ಲ್ಯಾಟಿನ್ನಿಗೆ ತಂದದ್ದು ಅವನ ದೊಡ್ಡ ಕೆಲಸ. ಚೀನಾಕ್ಕೆ ಮರಳುವಾಗ 1659ರಲ್ಲಿ ಗಡಿಯ ಹತ್ತಿರ ತೀರಿಕೊಂಡ.

ಅವನ ಬರಹಗಳು ಬಟಾವಿಯಾದಲ್ಲಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಆಂಡ್ರಿಯಾಸ್ ಕ್ಲೈಯರ್‌ನ ಕೈಸೇರಿದವು. 1682ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವು ‘ಸ್ಪೆಸಿಮೆನ್ ಮೆಡಿಸಿನೇ ಸಿನಿಕೇ’ ಎಂಬ ಪುಸ್ತಕವಾಗಿ ಹೊರಬಂದಾಗ ಮುಖಪುಟದ ಮೇಲೆ ಇದ್ದದ್ದು ಕ್ಲೈಯರ್‌ನ ಹೆಸರು. ಮರುವರ್ಷವೇ, 1683ರಲ್ಲಿ, ಜಪಾನಿನ ದೆಷಿಮಾದಲ್ಲಿ ಕೆಲಸ ಮಾಡಿ ಬಂದಿದ್ದ ವಿಲೆಮ್ ಟೆನ್ ರೈನ ಎಂಬ ಡಚ್ ವೈದ್ಯ ಲ್ಯಾಟಿನ್ನಿನ ಸೂಜಿ ಮತ್ತು ಚುಚ್ಚು ಎಂಬ ಎರಡು ಪದ ಸೇರಿಸಿ ‘ಅಕ್ಯುಪಂಕ್ಚರ್’ ಎಂಬ ಹೆಸರು ಕೊಟ್ಟ. ಚೀನೀಯರು ಸೂಜಿ ಮತ್ತು ಕಾವು ಎರಡನ್ನೂ ಸೇರಿಸಿ ‘ಝೆನ್‌ಜಿಯು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮಾಚಿಪತ್ರೆಯ ಕುಲದ ಗಿಡದ ಒಣ ಎಲೆಯನ್ನು ಉರಿಸಿ ಕಾವು ಕೊಡುವ ಆ ಅರ್ಧಭಾಗ ಹೊಸ ಹೆಸರಿನಲ್ಲಿ ಉಳಿಯಲಿಲ್ಲ.

ಕ್ಲೈಯರ್‌ನ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಆಸೆಯಿಂದ ಓದಿದವನು ಜಾನ್ ಫ್ಲಾಯರ್ ಎಂಬ ವೈದ್ಯ. ಚೀನೀಯರಂತೆ ನಾಡಿಗೆ ಮಹತ್ವ ಕೊಡಬೇಕೆಂದು ಅವನಿಗೆ ಅನ್ನಿಸಿತು. ಅದಕ್ಕಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರ ಮಾಡಿಸಿ, 1707ರಲ್ಲಿ ‘ವೈದ್ಯನ ನಾಡಿ ಗಡಿಯಾರ’ ಎಂಬ ಪುಸ್ತಕ ಬರೆದ. ಚೀನೀ ವೈದ್ಯರೂ ನಾಡಿ ಎಣಿಸುತ್ತಿದ್ದರು, ಆದರೆ ತಮ್ಮ ಉಸಿರಿನ ಅಳತೆಯಲ್ಲಿ. ವೈದ್ಯನ ಒಂದು ಉಸಿರಿಗೆ ರೋಗಿಯ ನಾಡಿ ನಾಲ್ಕೈದು ಸಲ ಮಿಡಿದರೆ ಸರಿ. ಫ್ಲಾಯರ್ ಉಸಿರನ್ನು ತೆಗೆದು ಮುಳ್ಳನ್ನು ಇಟ್ಟ. ಮುತ್ತು, ಹೆದೆ, ಕಟ್ಟಿಗೆಯ ಹೋಲಿಕೆಗಳು ಹಿಂದೆ ಸರಿದು ಎಣಿಕೆ ಮುಂದೆ ಬಂತು. ಇಂದು ಯಾವ ಆಸ್ಪತ್ರೆಗೆ ಹೋದರೂ ನರ್ಸ್ ಗಡಿಯಾರ ನೋಡುತ್ತ ನಮ್ಮ ನಾಡಿ ಎಣಿಸುತ್ತಾಳಲ್ಲ, ಆ ರೂಢಿಯ ಆರಂಭದ ಹೆಜ್ಜೆಗಳಲ್ಲಿ ಇದೊಂದು. ಚೀನಾ ಹೇಳಿದ್ದು ಒಂದು, ಇಂಗ್ಲೆಂಡ್ ಕೇಳಿಸಿಕೊಂಡದ್ದು ಇನ್ನೊಂದು. ಆದರೂ ಅದರಿಂದ ಒಳ್ಳೆಯದೇ ಆಯಿತು. ತಪ್ಪು ಅನುವಾದವೆಲ್ಲ ವ್ಯರ್ಥವೆಂದು ನಾವು ಹೇಳಲಾರೆವು.

ಹಾಸು, ಹೊಕ್ಕು, ಆವಿ

ಸೂಜಿ ಚುಚ್ಚುವ ಜಾಗಗಳನ್ನು ಜೋಡಿಸುವ ದಾರಿಗಳಿಗೆ ಇಂಗ್ಲಿಷಿನಲ್ಲಿ ‘ಮೆರಿಡಿಯನ್’ ಎನ್ನುತ್ತಾರೆ. ಈ ಪದವನ್ನು ಬಳಕೆಗೆ ತಂದವನು ಫ್ರೆಂಚ್ ರಾಜತಾಂತ್ರಿಕ ಜಾರ್ಜ್ ಸೂಲಿಯೇ ದ ಮೊರಾಂ (1878-1955). ಚೀನಾದಲ್ಲಿ ಕೆಲಸ ಮಾಡಿ ಮರಳಿದ ಅವನು 1930ರ ದಶಕದಲ್ಲಿ ಫ್ರಾನ್ಸಿನ ವೈದ್ಯರಿಗೆ ಸೂಜಿ ಚಿಕಿತ್ಸೆ ಪರಿಚಯಿಸಿದ. 1939ರಲ್ಲಿ ಅವನ ದೊಡ್ಡ ಗ್ರಂಥದ ಮೊದಲ ಸಂಪುಟ ಬಂತು. ಭೂಗೋಳದ ಮೇಲೆ ಎಳೆಯುವ ರೇಖಾಂಶಕ್ಕೂ ಇದೇ ಪದ. ರೇಖಾಂಶ ಎಂದರೆ ಕಣ್ಣಿಗೆ ಕಾಣದ, ಲೆಕ್ಕಕ್ಕಾಗಿ ಎಳೆದುಕೊಂಡ ಗೆರೆ.

ಚೀನೀ ಮೂಲದಲ್ಲಿರುವ ಪದ ‘ಜಿಂಗ್’. ಅದರ ಹಳೆಯ ಅರ್ಥ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ನಮ್ಮ ನೇಕಾರರು ‘ಹಾಸು’ ಎನ್ನುವುದು. ಜಿಂಗ್‌ಗೆ ಜೊತೆಯಾಗಿ ಬರುವ ‘ಲುವೊ’ ಎಂದರೆ ಬಲೆ. ಇದೇ ‘ಜಿಂಗ್’ಗೆ ಶಾಸ್ತ್ರಗ್ರಂಥ ಎಂಬ ಅರ್ಥವೂ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಮೂಲ ವೈದ್ಯಗ್ರಂಥ ‘ಹುವಾಂಗ್ದಿ ನೇಜಿಂಗ್’ನ ಕೊನೆಯ ಪದ ಅದೇ. ಬೌದ್ಧ ಸೂತ್ರಗಳನ್ನು ಚೀನೀ ಭಾಷೆಗೆ ತಂದವರು ‘ಸೂತ್ರ’ಕ್ಕೆ ಆರಿಸಿಕೊಂಡದ್ದೂ ‘ಜಿಂಗ್’ ಎಂಬುದನ್ನೇ. ಸೂತ್ರವೂ ದಾರವೇ ತಾನೆ! ಬದುಕಿನಲ್ಲಿ ಬೆರೆತುಹೋದದ್ದನ್ನು ‘ಹಾಸುಹೊಕ್ಕಾಗಿದೆ’ ಎನ್ನುವ ಕನ್ನಡಿಗರಿಗೆ ಈ ಪದವನ್ನು ಪ್ಯಾರಿಸ್ ಸುತ್ತಿ ತರಬೇಕಾಗಿಲ್ಲ. ಹಳೆಯ ಗ್ರಂಥದಲ್ಲಿ ಈ ದಾರಿಗಳಿಗೆ ಅಡಿ ಅಂಗುಲಗಳ ಉದ್ದ ಹೇಳಿದೆ. ಅವುಗಳಲ್ಲಿ ರಕ್ತವೂ ಹರಿಯುತ್ತದೆ. ‘ಮೆರಿಡಿಯನ್’ ಎಂದ ಕೂಡಲೇ ರಕ್ತ ಹೋಗಿ ಗೆರೆ ಉಳಿಯಿತು.

ಇನ್ನೊಂದು ಪದ ‘ಚಿ’. ಅದನ್ನು ಬರೆಯುವ ಹಳೆಯ ಅಕ್ಷರದಲ್ಲಿ ಮೇಲೆ ಆವಿ, ಕೆಳಗೆ ಅಕ್ಕಿ. ಉಸಿರು, ಮಂಜು, ಹವೆ, ಹೊಟ್ಟೆಯ ವಾಯು, ಅನ್ನದಿಂದ ಮೈಗೆ ಬರುವ ಕಸುವು ಎಲ್ಲಕ್ಕೂ ಅದೇ ಮಾತು. ಸೂಲಿಯೇ ಅದನ್ನು ‘ಎನರ್ಜಿ’ ಎಂದ. ವಿದ್ಯುತ್ತು ಮನೆಮನೆಗೆ ಬರುತ್ತಿದ್ದ ಕಾಲದ ಯೂರೋಪಿಗೆ ಅದು ಕೂಡಲೇ ಅರ್ಥವಾಯಿತು. ಪರಿಣಾಮ ಎರಡು ಕಡೆ ಆಯಿತು. ನಂಬಿದವರು ಮೈಯಲ್ಲಿ ಹರಿಯುವ ಶಕ್ತಿಯನ್ನು ಯಂತ್ರವಿಟ್ಟು ಅಳೆಯಲು ಹೋದರು. ನಂಬದವರು ಅಂಥ ಶಕ್ತಿ ಭೌತಶಾಸ್ತ್ರದಲ್ಲಿಲ್ಲ, ಆದ್ದರಿಂದ ಎಲ್ಲವೂ ಬೊಗಳೆ ಎಂದರು. ಇಬ್ಬರೂ ಜಗಳವಾಡಿದ್ದು ಒಬ್ಬ ಫ್ರೆಂಚ್ ಅನುವಾದಕನ ಪದದ ಮೇಲೆ. ಜರ್ಮನಿಯ ವಿದ್ವಾಂಸ ಪಾಲ್ ಉನ್‌ಶುಲ್ಡ್ 1980ರ ದಶಕದಿಂದ ಈ ತಪ್ಪನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು.

ಕನ್ನಡದಲ್ಲಿ ನಾವು ಅದನ್ನು ‘ಪ್ರಾಣ’ ಎಂದುಬಿಡುತ್ತೇವೆ. ಅದೂ ಸೂಲಿಯೇಯ ದಾರಿಯೇ. ‘ಪ್ರಾಣ’ದ ಹಿಂದೆ ಯೋಗವಿದೆ, ಉಪನಿಷತ್ತು ಇದೆ, ಅನ್ನದ ಗಡಿಗೆಯ ಆವಿ ಇಲ್ಲ. ಹಾಗೆಯೇ ‘ವು ಷಿಂಗ್’ ಎಂಬುದನ್ನು ಪಂಚಭೂತ ಎನ್ನುತ್ತೇವೆ. ಚೀನೀಯರ ಐದರಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಇವೆ; ಗಾಳಿ ಇಲ್ಲ, ಆಕಾಶ ಇಲ್ಲ. ‘ಷಿಂಗ್’ ಎಂದರೆ ನಡೆ. ಮರ ಬೆಂಕಿಯಾಗಿ, ಬೆಂಕಿ ಬೂದಿ ಮಣ್ಣಾಗಿ ಸಾಗುವ ಸರದಿ ಅದು. ಜೆಸುಯಿಟ್ ಮಾತೆಯೊ ರಿಚ್ಚಿ (1552-1610) ಇದನ್ನು ಗ್ರೀಕರ ನಾಲ್ಕು ಮೂಲವಸ್ತುಗಳ ಪಕ್ಕದಲ್ಲಿಟ್ಟು, ಚೀನೀಯರ ಲೆಕ್ಕವೇ ತಪ್ಪೆಂದು ವಾದಿಸಿದ. ಅವರು ಆ ಲೆಕ್ಕವನ್ನೇ ಹಾಕುತ್ತಿರಲಿಲ್ಲ.

ಬೇಸತ್ತ ಜರ್ಮನ್ ವಿದ್ವಾಂಸ ಮಾನ್‌ಫ್ರೆಡ್ ಪೋರ್ಕರ್ಟ್ 1974ರ ತಮ್ಮ ಗ್ರಂಥದಲ್ಲಿ ಎಲ್ಲಕ್ಕೂ ಲ್ಯಾಟಿನ್ ಪದ ಹೊಸೆದರು. ಯಾರೂ ಮೊದಲೇ ಅರ್ಥ ಕಟ್ಟಿಕೊಂಡಿರಬಾರದು ಎಂಬುದು ಅವರ ಕಾಳಜಿ. ಪದಗಳು ಶುದ್ಧವಾಗಿದ್ದವು, ಬಳಸುವವರು ಹೆಚ್ಚು ಜನ ಸಿಗಲಿಲ್ಲ.

ಕರುಳು, ಗುರ್ದಾ, ಪಿತ್ತಕೋಶ

ಅಂಗಗಳ ಹೆಸರು ಇನ್ನೂ ಕಷ್ಟ. ಚೀನೀ ವೈದ್ಯದಲ್ಲಿ ಯಕೃತ್ತಿಗೆ ಕೋಪ, ಕಣ್ಣು, ವಸಂತ ಋತು ಸೇರುತ್ತವೆ. ಮೂತ್ರಪಿಂಡಕ್ಕೆ ಭಯ, ಎಲುಬು, ಕಿವಿ, ಚಳಿಗಾಲ, ಸಂತಾನಶಕ್ತಿ. ಕೇಳಿದರೆ ವಿಚಿತ್ರವೆನಿಸಬಹುದು. ಆದರೆ ನಾವು ಹೊಟ್ಟೆಕಿಚ್ಚು ಅನ್ನುತ್ತೇವೆ, ಎದೆಗಾರಿಕೆ ಅನ್ನುತ್ತೇವೆ, ಕರುಳು ಚುರುಕ್ಕೆಂದಿತು ಅನ್ನುತ್ತೇವೆ. ಉರ್ದುವಿನಲ್ಲಿ ಧೈರ್ಯದ ಕೆಲಸಕ್ಕೆ ‘ದಿಲ್ ಗುರ್ದಾ’ ಬೇಕು. ಗುರ್ದಾ ಎಂದರೆ ಮೂತ್ರಪಿಂಡವೇ. ಹೊಟ್ಟೆ ಕೊಯ್ದು ಕಿಚ್ಚು ಹುಡುಕುವ ಸರ್ಜನ್‌ಗೆ ಅದು ಸಿಗುವುದಿಲ್ಲ. ಚೀನೀ ವೈದ್ಯರಲ್ಲಿ ಇದು ನುಡಿಗಟ್ಟಾಗಿಯೇ ಉಳಿಯಲಿಲ್ಲ, ಔಷಧ ಕೊಡುವ ಲೆಕ್ಕವಾಗಿ ಬೆಳೆಯಿತು. ಇಷ್ಟು ವ್ಯತ್ಯಾಸ ಮರೆಯಬಾರದು.

1851ರಲ್ಲಿ ಕ್ಯಾಂಟನ್ನಿನಲ್ಲಿದ್ದ ಇಂಗ್ಲಿಷ್ ಮಿಷನರಿ ವೈದ್ಯ ಬೆಂಜಮಿನ್ ಹಾಬ್ಸನ್ ಯೂರೋಪಿನ ಅಂಗರಚನೆಯನ್ನು ಚೀನೀ ಭಾಷೆಯಲ್ಲಿ ಬರೆದಾಗ ಹಳೆಯ ಅಂಗನಾಮಗಳನ್ನೇ ಹೊಸ ಅಂಗಗಳಿಗೂ ಇಟ್ಟ. ಅಲ್ಲಿಂದ ಒಂದೇ ಪದಕ್ಕೆ ಎರಡು ಮೈಗಳಾದವು. ‘ನಿಮ್ಮ ಮೂತ್ರಪಿಂಡ ಬಲಹೀನವಾಗಿದೆ’ ಎಂದು ಚೀನೀ ವೈದ್ಯ ಹೇಳಿದರೆ ಪಾಶ್ಚಾತ್ಯ ರೋಗಿ ಡಯಾಲಿಸಿಸ್ ನೆನೆದು ಹೆದರುತ್ತಾನೆ. ವೈದ್ಯ ಹೇಳಿದ್ದು ಸೊಂಟನೋವು, ಕಿವಿಮೊರೆತ, ಸುಸ್ತುಗಳ ಒಂದು ಗುಂಪನ್ನು. ಇದನ್ನು ಬಿಡಿಸಲು ಇಂಗ್ಲಿಷಿನವರು ಒಂದು ಉಪಾಯ ಮಾಡಿದರು: ಚೀನೀ ಅಂಗವಾದರೆ ದೊಡ್ಡಕ್ಷರದಿಂದ ಶುರು, ಆಸ್ಪತ್ರೆಯ ಅಂಗವಾದರೆ ಚಿಕ್ಕಕ್ಷರ. ಕನ್ನಡಕ್ಕೂ ದೊಡ್ಡಕ್ಷರವಿಲ್ಲ, ಉರ್ದುವಿಗೂ ಇಲ್ಲ, ಚೀನೀ ಲಿಪಿಗೂ ಇಲ್ಲ. ಬಾಯಲ್ಲಿ ಹೇಳುವಾಗ ಇಂಗ್ಲಿಷಿಗೂ ಇಲ್ಲ!

ಚೀನಾ ತನ್ನನ್ನೇ ಅನುವಾದಿಸಿಕೊಂಡದ್ದು

ಎಲ್ಲ ತಪ್ಪನ್ನೂ ಪರದೇಶದವರ ತಲೆಗೆ ಕಟ್ಟುವುದು ನ್ಯಾಯವಲ್ಲ. 1929ರಲ್ಲಿ ಚೀನಾದ ಸರ್ಕಾರದ ಮುಂದೆಯೇ ಹಳೆಯ ವೈದ್ಯವನ್ನು ಕೊನೆಗೊಳಿಸಬೇಕೆಂಬ ಪ್ರಸ್ತಾಪ ಬಂದಿತ್ತು. ವೈದ್ಯರು ಸಂಘಟಿತರಾಗಿ ಪ್ರತಿಭಟಿಸಿ ಅದನ್ನು ತಡೆದರು. ಕಮ್ಯುನಿಸ್ಟರು ಬಂದ ಮೇಲೆ 1956ರಲ್ಲಿ ಬೀಜಿಂಗ್, ಷಾಂಘೈ, ಗುವಾಂಗ್‌ಝೌ, ಚೆಂಗ್ದುಗಳಲ್ಲಿ ಕಾಲೇಜುಗಳಾದವು. ಗುರುವಿನಿಂದ ಗುರುವಿಗೆ ಬೇರೆಯಾಗುತ್ತಿದ್ದ ವಿದ್ಯೆಯನ್ನು ಪಠ್ಯಪುಸ್ತಕದಲ್ಲಿ ಒಂದೇ ಕ್ರಮಕ್ಕೆ ತಂದರು. ಚೀನೀಯರು ಬರಿದೆ ‘ಝೋಂಗ್ ಯೀ’, ಚೀನೀ ವೈದ್ಯ ಎನ್ನುತ್ತಾರೆ. ‘ಸಾಂಪ್ರದಾಯಿಕ’ ಎಂಬ ವಿಶೇಷಣ ಸೇರಿದ್ದು 1950ರ ದಶಕದಲ್ಲಿ, ಪರದೇಶದವರಿಗಾಗಿ ಮಾಡಿದ ಇಂಗ್ಲಿಷ್ ಪ್ರಕಟಣೆಗಳಲ್ಲಿ. ಹೊಸದಾಗಿ ಜೋಡಿಸಿದ್ದಕ್ಕೆ ಹಳೆಯದೆಂಬ ಹೆಸರು ಸಿಕ್ಕಿತು.

1971ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಅಪೆಂಡಿಸೈಟಿಸ್ ಆಪರೇಷನ್ ಆಯಿತು. ಅರಿವಳಿಕೆ ಕೊಟ್ಟದ್ದು ಮಾಮೂಲಿ ಇಂಜೆಕ್ಷನ್ನಿನಿಂದ. ಆಮೇಲೆ ಹೊಟ್ಟೆಯುಬ್ಬರ ಕಾಡಿದಾಗ ಮೊಣಕೈಗೂ ಮಂಡಿಯ ಕೆಳಗೂ ಸೂಜಿ ಹಾಕಿದರು, ನೋವು ಇಳಿಯಿತು. ಅವರು ಬರೆದದ್ದೂ ಇಷ್ಟೇ. ಬಾಯಿಂದ ಬಾಯಿಗೆ ಹೋಗುತ್ತ ಅದು ‘ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರಂತೆ’ ಎಂದಾಯಿತು. ಮರುವರ್ಷ ನಿಕ್ಸನ್ ಚೀನಾಕ್ಕೆ ಹೋದರು, ಅಮೆರಿಕದಲ್ಲಿ ಸೂಜಿಯ ಹುಚ್ಚು ಹತ್ತಿತು. ಒಂದೇ ಭಾಷೆಯೊಳಗೂ ಹೀಗಾಗುತ್ತದೆ.

ಹೆಸರು ತಪ್ಪಿದರೆ ಪ್ರಾಣಕ್ಕೆ ಕುತ್ತು

ಇದೆಲ್ಲ ಪಂಡಿತರ ಪದಜಗಳ, ನಮಗೇನು ಎಂದು ಕೇಳುವವರಿಗೆ ಬ್ರಸೆಲ್ಸ್‌ನಲ್ಲಿ ಆದದ್ದನ್ನು ಹೇಳಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಚಿಕಿತ್ಸಾಲಯದಲ್ಲಿ ತೂಕ ಇಳಿಸಲು ಮಹಿಳೆಯರಿಗೆ ಹಸಿವು ತಗ್ಗಿಸುವ ಇಂಗ್ಲಿಷ್ ಔಷಧಗಳ ಜೊತೆ ಚೀನೀ ಬೇರಿನ ಪುಡಿ ಸೇರಿಸಿ ಕೊಟ್ಟರು. ಬೇಕಾಗಿದ್ದದ್ದು ‘ಹಾನ್ ಫಾಂಗ್‌ಜಿ’, ಅಂದರೆ ಸ್ಟೆಫಾನಿಯಾ ಎಂಬ ಬಳ್ಳಿಯ ಬೇರು. ಬಂದದ್ದು ‘ಗುವಾಂಗ್ ಫಾಂಗ್‌ಜಿ’, ಅಂದರೆ ಅರಿಸ್ಟೊಲೋಕಿಯಾ ಬಳ್ಳಿಯದು. ವ್ಯಾಪಾರದಲ್ಲಿ ಎರಡಕ್ಕೂ ‘ಫಾಂಗ್‌ಜಿ’ ಎಂದೇ ಹೆಸರು. ಎರಡನೆಯದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೊಲ್ಲುತ್ತದೆ. 1993ರಲ್ಲಿ ವೈದ್ಯರು ಇದನ್ನು ಮೊದಲು ವರದಿ ಮಾಡಿದರು; ಹಾನಿಗೊಳಗಾದವರ ಸಂಖ್ಯೆ ಮುಂದೆ ನೂರು ದಾಟಿತು. 2000ದಲ್ಲಿ ಬಂದ ಅಧ್ಯಯನದಲ್ಲಿ ಮೂತ್ರಪಿಂಡ ತೆಗೆಸಿಕೊಂಡ 39 ಜನರಲ್ಲಿ 18 ಜನರಿಗೆ ಮೂತ್ರನಾಳದ ಕ್ಯಾನ್ಸರ್ ಕಂಡಿತು.

ಹೆಸರಿನ ಗೊಂದಲವೊಂದೇ ಇದಕ್ಕೆ ಕಾರಣ ಎಂದರೆ ಅರ್ಧಸತ್ಯ. ಅರಿಸ್ಟೊಲೋಕಿಯಾ ಕುಲದ ಗಿಡಗಳನ್ನು ಚೀನೀ ವೈದ್ಯರೂ ಬಳಸುತ್ತಿದ್ದರು. ವರ್ಷಗಳ ನಂತರ ಬರುವ ಕಿಡ್ನಿ ರೋಗವನ್ನು ಎಂದೋ ಕುಡಿದ ಕಷಾಯಕ್ಕೆ ಜೋಡಿಸುವ ದಾರಿ ಅವರಿಗೆ ಇರಲಿಲ್ಲ. ಚೀನಾ ಗುವಾಂಗ್ ಫಾಂಗ್‌ಜಿಯನ್ನು ನಿಷೇಧಿಸಿದ್ದು 2004ರಲ್ಲಿ. ನಮ್ಮ ಕಾಡುಗಳ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಅದರಲ್ಲೂ ಅದೇ ಆಮ್ಲವಿದೆ. ನಾಟಿ ಔಷಧವೆಂದು ಅದನ್ನು ತೇಯ್ದು ಕುಡಿಯುವವರು ಇದನ್ನು ತಿಳಿದಿರಬೇಕು.

ಸರಿಯಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಉಂಟು. 1967ರ ಮೇ 23ರಂದು ಚೀನಾ ಮಲೇರಿಯಾಕ್ಕೆ ಔಷಧ ಹುಡುಕುವ ಗುಪ್ತ ಯೋಜನೆ ಶುರುಮಾಡಿತು. ತು ಯೂಯೂ ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿದರು. ಆ ಗ್ರಂಥಗಳಲ್ಲಿ ಮಲೇರಿಯಾ ಎಂಬ ಪದವಿಲ್ಲ. ನಾವು ‘ಚಳಿಜ್ವರ’ ಎನ್ನುವಂತೆ ಸರದಿಯ ಮೇಲೆ ಚಳಿ ಮತ್ತು ಬಿಸಿ ಬರುವ ಜ್ವರದ ಹೆಸರಿದೆ. ಅದಕ್ಕೆ ಚಿಂಗ್‌ಹಾವ್ ಎಂಬ, ಮಾಚಿಪತ್ರೆಯ ಕುಲದ ಗಿಡ ಮದ್ದು. ಅವರು ತೆಗೆದ ಸಾರ ಮಾತ್ರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ಆಗ ನಾಲ್ಕನೇ ಶತಮಾನದ ಗೆ ಹೋಂಗ್ ಬರೆದ ತುರ್ತುಚಿಕಿತ್ಸೆಯ ಪುಸ್ತಕದ ಒಂದು ಸಾಲು ಅವರನ್ನು ತಡೆಯಿತು. ಎಲ್ಲ ಕಷಾಯಗಳನ್ನೂ ಕುದಿಸುತ್ತಾರೆ; ಇವನು ನೆನೆಹಾಕಿ ಹಿಂಡು ಎನ್ನುತ್ತಾನೆ. ಯಾಕೆ? ಕಾವಿನಿಂದ ಗುಣ ಕೆಡುತ್ತಿರಬಹುದು ಎಂದು ಊಹಿಸಿ, ಕಡಿಮೆ ಕಾವಿನಲ್ಲಿ ಕುದಿಯುವ ಈಥರ್‌ನಿಂದ 1971ರಲ್ಲಿ ಸಾರ ತೆಗೆದರು. ಅದು ಫಲಿಸಿತು. ಅದರಿಂದ ಬಂದ ಆರ್ಟೆಮಿಸಿನಿನ್ ಲಕ್ಷಾಂತರ ಜನರನ್ನು ಉಳಿಸಿದೆ. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಹಳೆಯ ವೈದ್ಯ ಹೇಳಿದ್ದೆಲ್ಲ ನಿಜವೆಂದು ಇದರಿಂದ ಸಿದ್ಧವಾಗುವುದಿಲ್ಲ. ಸರಿಯಾದ ಅನುವಾದ ಒಂದು ಕೆಲಸ, ಪ್ರಯೋಗಶಾಲೆಯ ಪರೀಕ್ಷೆ ಇನ್ನೊಂದು. ಆದರೆ ಅವನು ಏನು ಹೇಳಿದ ಎಂದು ತಿಳಿಯದೆ ಯಾವುದನ್ನು ಪರೀಕ್ಷಿಸುವುದು?

ಈಗ ನಮ್ಮ ಸರದಿ

ವಿಶ್ವ ಆರೋಗ್ಯ ಸಂಸ್ಥೆ ಸೂಜಿ ಚುಚ್ಚುವ 361 ಜಾಗಗಳಿಗೆ ಅಕ್ಷರ-ಅಂಕೆಗಳ ಗುರುತು ಕೊಟ್ಟಿದೆ. ಅಂಗಾಲಿನಲ್ಲಿರುವ ‘ಉಕ್ಕುವ ಚಿಲುಮೆ’ ಈಗ ‘ಕೆಐ 1’. ಹೆಬ್ಬೆರಳು ತೋರುಬೆರಳುಗಳ ನಡುವಿನ ‘ಕೂಡುವ ಕಣಿವೆ’ ‘ಎಲ್‌ಐ 4’. ಎಲ್ಲ ದೇಶದ ವೈದ್ಯರೂ ಒಂದೇ ಜಾಗಕ್ಕೆ ಸೂಜಿ ಹಾಕಲು ಇದು ಬೇಕೇ ಬೇಕು. 2019ರಲ್ಲಿ ಒಪ್ಪಿಗೆಯಾಗಿ 2022ರಿಂದ ಜಾರಿಗೆ ಬಂದ ಆ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಚೀನಾ ಮೂಲದ ವೈದ್ಯದ ಹೆಸರುಗಳಿಗೆ ಒಂದು ಅಧ್ಯಾಯವೇ ಇದೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ಅದರ ಎರಡನೇ ಭಾಗ ಬಿಡುಗಡೆಯಾಯಿತು. ಆಯುರ್ವೇದ, ಸಿದ್ಧ, ಯೂನಾನಿಗಳ ಹೆಸರುಗಳು ಅದರಲ್ಲಿವೆ. ಚೀನೀಯರ ಪದಗಳಿಗೆ ಆದದ್ದು ಇನ್ನು ನಮ್ಮ ವಾತಕ್ಕೂ ಮಿಜಾಜಿಗೂ ಆಗಬಹುದು.

ಉರ್ದುವಿನಲ್ಲಿ ಮನೆಗೆ ಬಂದವರನ್ನು ‘ಮಿಜಾಜ್ ಶರೀಫ್?’ ಎಂದು ವಿಚಾರಿಸುತ್ತೇವೆ. ಅದೇ ಮಿಜಾಜ್ ಹಕೀಮರಿಗೆ ಬಿಸಿ, ತಂಪು, ಹಸಿ, ಒಣ ಗುಣಗಳ ತಕ್ಕಡಿ. ಅದನ್ನು ‘ಮೂಡ್’ ಎಂದು ಬರೆದುಬಿಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ, ವೈದ್ಯ ಮಾತ್ರ ಅದರಲ್ಲಿ ಉಳಿಯುವುದಿಲ್ಲ. ಕಫಕ್ಕೆ ಉರ್ದುವಿನಲ್ಲಿ ಹೇಳುವ ‘ಬಲ್ಗಮ್’ ಗ್ರೀಕರ ಪದ. ಗ್ರೀಕ್ ವೈದ್ಯವನ್ನು ಅರಬ್ಬಿಗೆ ತಂದವರು ಅದನ್ನು ಸದ್ದಿನ ಸಮೇತ ಇಟ್ಟುಕೊಂಡರು. ಒಂಬತ್ತನೇ ಶತಮಾನದ ಬಾಗ್ದಾದಿನ ಅನುವಾದಕ ಹುನೈನ್ ಇಬ್ನ್ ಇಸ್ಹಾಕ್ ಗಾಲೆನ್‌ನ ಒಂದು ಪುಸ್ತಕಕ್ಕೆ ಸಿಕ್ಕಷ್ಟು ಹಸ್ತಪ್ರತಿಗಳನ್ನು ಕೂಡಿಸಿ, ಒಂದಕ್ಕೊಂದು ತಾಳೆ ನೋಡಿ, ಆಮೇಲೆ ಅನುವಾದಕ್ಕೆ ಕೂರುತ್ತಿದ್ದ. ನಮ್ಮ ಪದಗಳನ್ನು ಲೋಕಕ್ಕೆ ಹೇಳುವವರಿಗೂ, ಲೋಕದ ಪದಗಳನ್ನು ಕನ್ನಡಕ್ಕೆ ತರುವವರಿಗೂ ಅಷ್ಟು ತಾಳ್ಮೆ ಬೇಕು. ಹೊರಗಿನ ಪದವನ್ನು ಮೊದಲು ಹಾಗೇ ಇಡಬೇಕು. ಅದು ತನ್ನ ಊರಿನಲ್ಲಿ ಏನು ಕೆಲಸ ಮಾಡುತ್ತದೆ ಎಂದು ಒಂದೆರಡು ಸಾಲು ಬರೆಯಬೇಕು. ನಮ್ಮ ಹತ್ತಿರದ ಪದ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿಂದ ಹೊಂದುವುದಿಲ್ಲ ಎಂದೂ ಹೇಳಬೇಕು. ಔಷಧದ ಗಿಡವಾದರೆ ಸಸ್ಯಶಾಸ್ತ್ರದ ಹೆಸರು ಜೊತೆಗಿರಲೇಬೇಕು.

ರಶೀದುದ್ದೀನನ ಹಸ್ತಪ್ರತಿ ಈಗ ಇಸ್ತಾಂಬುಲ್‌ನ ಸುಲೈಮಾನಿಯಾ ಗ್ರಂಥಾಲಯದಲ್ಲಿದೆ. ಹದಿನಾಲ್ಕನೇ ಶತಮಾನದ ಚೀನೀಯರು ತಮ್ಮ ಮಾತನ್ನು ಹೇಗೆ ಉಚ್ಚರಿಸುತ್ತಿದ್ದರು ಎಂದು ತಿಳಿಯಲು ಚೀನೀ ಭಾಷೆಯ ವಿದ್ವಾಂಸರು ಇಂದು ಆ ಪಾರಸಿ ಅಕ್ಷರಗಳನ್ನು ಓದುತ್ತಾರೆ. ಚೀನೀ ಅಕ್ಷರಗಳಲ್ಲಿ ಆ ಸದ್ದು ನೇರವಾಗಿ ದಾಖಲಾಗುವುದಿಲ್ಲ.